ಮಂಗನ ಮಲೇರಿಯಾ ಟೆಸ್ಟಿನಲ್ಲಿ ಸಿಗುತ್ತದೆಯೇ?

ಪ್ರಶ್ನೆ: ಮಂಗಗಳಿಗೆ ಬರುವ ಮಲೇರಿಯಾ ಮನುಷ್ಯರಿಗೂ ಬರುತ್ತದಂತೆ, ನಿಜವೇ? ಬೆರಳು ಚುಚ್ಚಿ ಮಾಡುವ ಟೆಸ್ಟಿನಲ್ಲಿ ಅದು ಗೊತ್ತಾಗುತ್ತದೆಯೇ? ನಮ್ಮ ಕಡೆಯ ಮಂಗನ ಕಾಯಿಲೆಯೂ ಇದೇನಾ?
– ಓದುಗರು, ತೀರ್ಥಹಳ್ಳಿ

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಅಲ್ಲ. ಮಂಗನ ಕಾಯಿಲೆ ಉಣುಗಿನಿಂದ ಹರಡುವ ವೈರಸ್ ಜ್ವರ. ಮಲೇರಿಯಾ ತರುವುದು ಸೊಳ್ಳೆ ಹೊತ್ತು ತರುವ ಪ್ಲಾಸ್ಮೋಡಿಯಂ ಎಂಬ ಪರೋಪಜೀವಿ.

ಮಂಗಗಳ ಮಲೇರಿಯಾ ಮನುಷ್ಯರಿಗೆ ಬರುವುದು ಮಾತ್ರ ನಿಜ. ಆಗ್ನೇಯ ಏಷ್ಯಾದ ಉದ್ದಬಾಲದ ಮಂಗಗಳಲ್ಲಿರುವ ನೋಲೆಸಿ ಎಂಬ ಪ್ರಭೇದ ಮನುಷ್ಯರ ರಕ್ತದಲ್ಲೂ ಬೆಳೆಯಬಲ್ಲದೆಂದು 1932ರಲ್ಲೇ ಕಲ್ಕತ್ತೆಯಲ್ಲಿ ರಾಬರ್ಟ್ ನೋಲ್ಸ್ ಮತ್ತು ದಾಸ್ ಗುಪ್ತ ತೋರಿಸಿದ್ದರು. ಆದರೂ ಅದು ಬಲು ಅಪರೂಪ ಎಂದೇ ಬಹುಕಾಲ ನಂಬಿದ್ದರು. ಬೋರ್ನಿಯೋ ದ್ವೀಪದ ಕಪಿಟ್ ಪ್ರದೇಶದ 208 ಮಲೇರಿಯಾ ರೋಗಿಗಳ ರಕ್ತವನ್ನು ಜೀನ್ ನೋಡುವ ಪಿಸಿಆರ್‌ಗೆ ಒಡ್ಡಿದಾಗ 120 ಮಂದಿಯಲ್ಲಿ ನೋಲೆಸಿ ಸಿಕ್ಕಿತು. 2004ರಲ್ಲಿ ಈ ವರದಿ ಬಂದ ಮೇಲೆ ಆ ನಂಬಿಕೆ ಬಿದ್ದುಹೋಯಿತು.

ಅಲ್ಲಿಯವರೆಗೆ ಕಣ್ತಪ್ಪಿದ್ದೇಕೆ? ಸೂಕ್ಷ್ಮದರ್ಶಕದಲ್ಲಿ ಎಳೆಯ ನೋಲೆಸಿ ಫಾಲ್ಸಿಪಾರಂ ಎಂಬ ಪ್ರಭೇದದಂತೆ, ಬಲಿತದ್ದು ಮಲೇರಿಯೇ ಎಂಬ ಸೌಮ್ಯ ಪ್ರಭೇದದಂತೆ ಕಾಣುತ್ತದೆ. ಆದರೆ ಮಲೇರಿಯೇ 72 ಗಂಟೆಗೊಮ್ಮೆ ವೃದ್ಧಿಯಾದರೆ, ನೋಲೆಸಿ 24 ಗಂಟೆಗೊಮ್ಮೆ. ಹಾಗಾಗಿ ತಡಮಾಡಿದರೆ ಜೀವಕ್ಕೇ ಅಪಾಯ.

ನೀವು ಕೇಳಿದ ಟೆಸ್ಟ್ ಪಟ್ಟಿ ಪರೋಪಜೀವಿಯನ್ನೇ ಕಾಣುವುದಿಲ್ಲ, ಅದು ರಕ್ತಕ್ಕೆ ಬಿಡುವ ಆಂಟಿಜೆನ್ ಪ್ರೋಟೀನನ್ನು ಹಿಡಿಯುತ್ತದೆ. ಪಟ್ಟಿಗೆ ಅಂಟಿಸಿರುವ ಪ್ರತಿಕಾಯಕ್ಕೆ ಅದು ಸಿಕ್ಕಿಬಿದ್ದರೆ ಗೆರೆ ಮೂಡುತ್ತದೆ. ಎಚ್‌ಆರ್‌ಪಿ-2 ಎಂಬ ಆಂಟಿಜೆನ್ ಫಾಲ್ಸಿಪಾರಂನದು. ಅದನ್ನಷ್ಟೇ ಹುಡುಕುವ ಪಟ್ಟಿಯಲ್ಲಿ ನೋಲೆಸಿಗೆ ಗೆರೆಯೇ ಬರುವುದಿಲ್ಲ. ಎಲ್‌ಡಿಎಚ್ ಎಂಬ ಕಿಣ್ವ ಎಲ್ಲ ಮಲೇರಿಯಾ ಪ್ರಭೇದಗಳಲ್ಲೂ ಇದೆ, ಅಲ್ಪಸ್ವಲ್ಪ ವ್ಯತ್ಯಾಸದೊಂದಿಗೆ. ನೋಲೆಸಿಯ ಎಲ್‌ಡಿಎಚ್ ಅನ್ನು ಇನ್ನೊಂದು ಪ್ರಭೇದವಾದ ವೈವ್ಯಾಕ್ಸ್‌ಗೆಂದು ಇಟ್ಟ ಪ್ರತಿಕಾಯವೂ ಹಿಡಿಯಬಹುದು, ಫಾಲ್ಸಿಪಾರಂಗೆಂದು ಇಟ್ಟದ್ದೂ ಹಿಡಿಯಬಹುದು. ಆಗ ಮಲೇರಿಯಾ ಇದೆ ಎಂಬುದು ಸರಿಯಾಗಿಯೇ ತಿಳಿದರೂ ಪ್ರಭೇದದ ಹೆಸರು ತಪ್ಪುತ್ತದೆ. ರಕ್ತದಲ್ಲಿ ಪರೋಪಜೀವಿ ಕಡಿಮೆಯಿದ್ದರೆ ಗೆರೆ ಮೂಡದೆಯೂ ಇರಬಹುದು. ಖಚಿತವಾಗಿ ಹೇಳಬಲ್ಲದ್ದು ಜೀನ್ ನೋಡುವ ಪಿಸಿಆರ್.

ಭಾರತದಲ್ಲಿ ಅಂಡಮಾನ್ ಮತ್ತು ನಿಕೋಬಾರ್‌ನಿಂದ ನೋಲೆಸಿ ವರದಿಯಾಗಿದೆ. ಅಲ್ಲಿಗೋ ಮಲೇಷ್ಯಾದ ಕಾಡಿಗೋ ಹೋಗಿಬಂದವರಿಗೆ ಜ್ವರ ಬಂದರೆ, ಎಲ್ಲಿಗೆ ಹೋಗಿದ್ದಿರೆಂದು ಡಾಕ್ಟರು ಕೇಳದಿದ್ದರೂ ನೀವೇ ಹೇಳಿ. ಯಾವ ಟೆಸ್ಟ್ ಮಾಡಿಸಬೇಕೆಂದು ನಿರ್ಧರಿಸಲು ಅವರಿಗೆ ಅದು ಗೊತ್ತಿರಬೇಕು.