ತೋಟದ ಬೆಲೆಯೂ ಕೊಬ್ಬರಿಯ ಬೆಲೆಯೂ

ಸದಸ್ಯ ಬಾಂಧವರು ಈಚೆಗೆ ಸಂಘದ ಕಚೇರಿಗೆ ಬಂದರೆ ಗೊಬ್ಬರದ ವಿಚಾರ ಆಮೇಲೆ. ಮೊದಲ ಪ್ರಶ್ನೆಯೇ, "ಸೆಕ್ರೆಟರಿಗಳೇ, ರಸ್ತೆ ಬದಿಯ ತೋಟ ಕೇಳುತ್ತಿದ್ದಾರೆ, ಕೊಡಲೇ ಬಿಡಲೇ?" ಎಂಬುದಾಗಿರುತ್ತದೆ. ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಹೇಳುವ ಬದಲು ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ ಹಾಕೋಣ. ಮೂವತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ 48 ಮರ. ಮರಕ್ಕೆ 60 ಕಾಯಿ ಹಿಡಿದರೆ ಸುಮಾರು 2,900 ಕಾಯಿ. 720 ಕಾಯಿಗೆ ಒಂದು ಕ್ವಿಂಟಲ್ ಉಂಡೆ ಕೊಬ್ಬರಿ ಎಂದಿಟ್ಟುಕೊಂಡರೆ ನಾಲ್ಕು ಕ್ವಿಂಟಲ್. 2023ರಲ್ಲಿ ಬೆಂಬಲ ಬೆಲೆ 11,750 ರೂ. ಇದ್ದರೂ ತಿಪಟೂರು ಮಾರುಕಟ್ಟೆಯಲ್ಲಿ ಧಾರಣೆ ಎಂಟು ಸಾವಿರದ ಆಸುಪಾಸಿಗೆ ಇಳಿದುದನ್ನು ಯಾರೂ ಮರೆತಿಲ್ಲ. ಆ ಧಾರಣೆಗೆ ಎಕರೆಯ ಹುಟ್ಟುವಳಿ 32 ಸಾವಿರ. 2025ರಲ್ಲಿ ಧಾರಣೆ 25 ಸಾವಿರ ದಾಟಿದಾಗ ಅದೇ ಎಕರೆಗೆ ಒಂದು ಲಕ್ಷ. ಆದರೆ ಬರಗಾಲ, ಬಿಳಿನೊಣ, ಎಳನೀರಿನ ಮಾರಾಟ, ಎಲ್ಲ ಸೇರಿ ಆ ವರ್ಷ ಎಷ್ಟು ಮನೆಗಳ ಅಟ್ಟದಲ್ಲಿ ಕಾಯಿ ಇತ್ತು? ಗೊಬ್ಬರ, ಉಳುಮೆ, ಕೀಳುವ ಮತ್ತು ಸುಲಿಯುವ ಕೂಲಿ ಸೇರಿ 35 ಸಾವಿರ ಖರ್ಚು ಹಿಡಿದರೆ ಒಳ್ಳೆಯ ವರ್ಷ 65 ಸಾವಿರ ಉಳಿದೀತು, ಕೆಟ್ಟ ವರ್ಷ ಕೈಯಿಂದಲೇ ಹಾಕಬೇಕು. ಅಡಿಕೆಯನ್ನು ಅಂತರ ಬೆಳೆಯಾಗಿ ಇಟ್ಟವರ ಲೆಕ್ಕ ಕೊಂಚ ಮೇಲು, ನೀರಿದ್ದರೆ ಮಾತ್ರ.

ಅದೇ ಎಕರೆಗೆ ಯಾರೋ 30 ಲಕ್ಷ ಕೊಡುತ್ತೇವೆ ಎನ್ನುತ್ತಾರೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. ಬ್ಯಾಂಕಿನಲ್ಲಿ ನೂರಕ್ಕೆ ಆರೂವರೆಯಂತೆ ವರ್ಷಕ್ಕೆ 1 ಲಕ್ಷ 95 ಸಾವಿರ ಬಡ್ಡಿ. ಕೊಬ್ಬರಿಯ ಲಾಭದ ಮೂರು ಪಾಲು! ಮಾರುವವರನ್ನು ನಾನು ದೂಷಿಸಲಾರೆ. ಆದರೆ ಇದನ್ನೇ ತಿರುಗಿಸಿ ನೋಡಿ. ಪಕ್ಕದ ಇಪ್ಪತ್ತು ಗುಂಟೆ ಸೇರಿಸಿಕೊಳ್ಳಬೇಕೆನ್ನುವ ನಮ್ಮ ಹುಡುಗ 15 ಲಕ್ಷವನ್ನು ನೂರಕ್ಕೆ ಹತ್ತರ ಬಡ್ಡಿಗೆ ತಂದರೆ ಬಡ್ಡಿಯೇ ಒಂದೂವರೆ ಲಕ್ಷ. ಆ ನೆಲ ಕೊಡುವುದು 32 ಸಾವಿರ. ಅಂದರೆ ಈ ಬೆಲೆ ತೆಂಗಿನ ಮರದಿಂದ ಹುಟ್ಟಿದ್ದಲ್ಲ. ಕೊಳ್ಳುವವನು ಕಾಯಿಗಾಗಿ ಕೊಳ್ಳುತ್ತಿಲ್ಲ, ಮುಂದಿನ ಬೆಲೆಗಾಗಿ ಕೊಳ್ಳುತ್ತಾನೆ. ಅವನು ಕಾಯಬಲ್ಲ, ನಾವು ಕಾಯಲಾರೆವು.

ಬೆಲೆ ಎಲ್ಲಿಂದ ಬಂತು? ತುಮಕೂರು–ಶಿವಮೊಗ್ಗ ಹೆದ್ದಾರಿ ಅಗಲವಾಯಿತು, ಎತ್ತಿನಹೊಳೆ ಕಾಲುವೆಗೆ ಭೂಮಿ ಹೋಯಿತು, ಗುಬ್ಬಿ ತಾಲ್ಲೂಕಿನಲ್ಲಿ 2023ರಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಆರಂಭವಾಯಿತು, ಬೆಂಗಳೂರು ಹತ್ತಿರವಾಯಿತು. ಇದರ ಜೊತೆಗೆ ಕಾನೂನೂ ಬದಲಾಯಿತು. 1961ರ ಭೂ ಸುಧಾರಣಾ ಕಾಯಿದೆಗೆ 1974ರಲ್ಲಿ ಸೇರಿದ 79ಎ ಮತ್ತು 79ಬಿ ಕಲಮುಗಳು ಬೇಸಾಯಗಾರರಲ್ಲದವರು ಜಮೀನು ಕೊಳ್ಳದಂತೆ ತಡೆದಿದ್ದುವು. ಬೇರೆ ಆದಾಯದ ಮಿತಿಯನ್ನು 2015ರಲ್ಲಿ 2 ಲಕ್ಷದಿಂದ 25 ಲಕ್ಷಕ್ಕೆ ಏರಿಸಲಾಯಿತು. 2020ರ ತಿದ್ದುಪಡಿ ಆ ಕಲಮುಗಳನ್ನೇ ತೆಗೆಯಿತು. ಮಾರುವವನಿಗೆ ಗಿರಾಕಿ ಹೆಚ್ಚಿದ ಎಂಬುದು ನಿಜ, ಕೊಳ್ಳಬೇಕೆಂದಿದ್ದ ಪಕ್ಕದ ತೋಟದವನು ಸಾಲಿನ ಕೊನೆಗೆ ಹೋದ ಎಂಬುದೂ ನಿಜ.

ನಾನೂ ಒಮ್ಮೆ ಮಾರಿದವನೇ. ಮಗಳ ಓದಿಗೆಂದು ರಸ್ತೆ ಬದಿಯ ಅರ್ಧ ಎಕರೆ ಕೊಟ್ಟೆ. ಅದಕ್ಕೆ ಪಶ್ಚಾತ್ತಾಪವಿಲ್ಲ. ಕರಾರು ಪತ್ರವನ್ನು ಸರಿಯಾಗಿ ಓದದೆ ರುಜು ಹಾಕಿದ್ದಕ್ಕೆ ಇದೆ. ಅಲ್ಪ ಮುಂಗಡ ಕೊಟ್ಟ ದಲ್ಲಾಳಿ, ಅವಧಿ ಬರೆಯದ ಆ ಕಾಗದ ಹಿಡಿದು ಎರಡು ವರ್ಷ ನನ್ನನ್ನು ಕಟ್ಟಿಹಾಕಿ, ಕೊನೆಗೆ ಹೆಚ್ಚಿನ ಬೆಲೆಗೆ ಮತ್ತೊಬ್ಬರನ್ನು ಕರೆತಂದ. ಹೆಚ್ಚುವರಿ ಹಣ ನನ್ನದಾಗಲಿಲ್ಲ. ಕರಾರಿನಲ್ಲಿ ಅವಧಿ, ಬಾಕಿ ಹಣದ ದಿನಾಂಕ, ತಪ್ಪಿದರೆ ಕರಾರು ರದ್ದು ಎಂಬ ಮಾತು, ಇವು ಮೂರೂ ಇರಲಿ. ನೀವು ಕೊಡುವ ಜನರಲ್ ಪವರ್ ಕಾಗದವಂತೂ ಬೇಡವೇ ಬೇಡ. ಮುಂಗಡ 20 ಸಾವಿರವೋ ಅದಕ್ಕೂ ಹೆಚ್ಚೋ ಆದರೆ ಬ್ಯಾಂಕಿನ ಮೂಲಕವೇ ಪಡೆಯಿರಿ. ನಗದು ಪಡೆದವನಿಗೆ ಆದಾಯ ತೆರಿಗೆ ಕಾನೂನಿನಲ್ಲಿ ಅಷ್ಟೇ ಮೊತ್ತದ ದಂಡವಿದೆ.

ಆದಾಯ ತೆರಿಗೆಯ ಮಾತು ಬಂದದ್ದರಿಂದ ಇನ್ನೊಂದು. ಜಮೀನು ಹಳ್ಳಿಯ ಭೂಮಿಯಾಗಿದ್ದರೆ ಮಾರಾಟದ ಲಾಭಕ್ಕೆ ತೆರಿಗೆಯಿಲ್ಲ. ಆದರೆ ತಿಪಟೂರು, ಚಿಕ್ಕನಾಯಕನಹಳ್ಳಿ, ತುರುವೇಕೆರೆಗಳಂತೆ ಹತ್ತು ಸಾವಿರಕ್ಕೆ ಮೇಲ್ಪಟ್ಟು ಒಂದು ಲಕ್ಷದವರೆಗೆ ಜನಸಂಖ್ಯೆಯಿರುವ ಊರಿನ ಗಡಿಯಿಂದ ನೇರ ಅಳತೆಯಲ್ಲಿ ಎರಡು ಕಿಲೋಮೀಟರಿನೊಳಗೆ ಬಂದರೆ ತೆರಿಗೆ ಉಂಟು. ನೀವು ಸಾಗುವಳಿ ಮಾಡುತ್ತಿದ್ದ ನೆಲವಾಗಿದ್ದು, ಲಾಭದ ಹಣದಲ್ಲಿ ಎರಡು ವರ್ಷದೊಳಗೆ ಬೇರೆ ಸಾಗುವಳಿ ಜಮೀನು ಕೊಂಡರೆ ವಿನಾಯಿತಿಯೂ ಉಂಟು. ಎರಡು ಕಿಲೋಮೀಟರನ್ನು ಬಸ್ಸಿನ ದಾರಿಯಲ್ಲಿ ಅಳೆದು ಮೋಸಹೋಗಬೇಡಿ.

ಪಿತ್ರಾರ್ಜಿತ ತೋಟಕ್ಕೆ ಅಣ್ಣತಮ್ಮಂದಿರ ಸಹಿ ಸಾಲದು. ನಮ್ಮ ರಾಜ್ಯದಲ್ಲಿ 1994ರಿಂದಲೂ, ದೇಶಕ್ಕೆಲ್ಲ 2005ರಿಂದಲೂ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಬಂದಿದೆ. ಅರಿಶಿನ ಕುಂಕುಮ ಕೊಟ್ಟು ಸಹಿ ಹಾಕಿಸಿಕೊಳ್ಳುವ ಕಾಲ ಹೋಯಿತು. ಅಕ್ಕತಂಗಿಯರ ಪಾಲನ್ನು ಮೊದಲೇ ಮಾತಾಡಿ ಮುಗಿಸಿದ ಮನೆಗಳಲ್ಲಿ ತೋಟ ಉಳಿದಿದೆ. ಮಾರಾಟದ ದಿನ ನೆನಪಾದ ಮನೆಗಳು ಕೋರ್ಟಿನಲ್ಲಿವೆ. ಸರ್ಕಾರದಿಂದ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು 1978ರ ಕಾಯಿದೆಯಂತೆ ಅನುಮತಿಯಿಲ್ಲದೆ ಮಾರುವಂತಿಲ್ಲ, ಕೊಳ್ಳುವಂತೆಯೂ ಇಲ್ಲ.

ಮಾರದೆ ಉಳಿದವರಿಗೂ ಒಂದು ಕೆಲಸವಿದೆ. ಹೊಸ ಮಾಲೀಕ ಬೇಲಿ ಹಾಕಿದ ಮರುದಿನ ಬಂಡಿ ದಾರಿ ಮುಚ್ಚಿರುತ್ತದೆ. ಗ್ರಾಮ ನಕ್ಷೆಯಲ್ಲಿ ದಾರಿ ಇದೆಯೇ ಎಂದು ಈಗಲೇ ನೋಡಿಕೊಳ್ಳಿ. ನಕ್ಷೆಯಲ್ಲಿಲ್ಲದಿದ್ದರೂ ಇಪ್ಪತ್ತು ವರ್ಷ ಅಡ್ಡಿಯಿಲ್ಲದೆ ಹಕ್ಕಿನಿಂದ ಓಡಾಡಿದ ದಾರಿಗೆ 1882ರ ಕಾನೂನಿನ ಆಸರೆ ಇದೆ, ಸಾಕ್ಷಿ ಹೇಳುವ ಹಿರಿಯರು ಇರುವಾಗಲೇ ಅದನ್ನು ಬರಹಕ್ಕೆ ತನ್ನಿ. ಒಂದೇ ಸರ್ವೆ ನಂಬರಿನಲ್ಲಿ ನಾಲ್ಕಾರು ಹೆಸರಿರುವವರು ಪೋಡಿ ಮಾಡಿಸಿಕೊಳ್ಳಿ. ನೆರೆಯವನ ಪಾಲು ಪರರ ಕೈಗೆ ಹೋದ ಮೇಲೆ ಹದ್ದುಬಸ್ತು ಮಾಡಿಸುವುದು ಎಷ್ಟು ಕಷ್ಟವೆಂದು ಅನುಭವಿಸಿದವರೇ ಬಲ್ಲರು.

ಸಂಘದ ಬೆಳೆ ಸಾಲ ಇರುವ ಜಮೀನಿನ ಮಾತುಕತೆಗೆ ಕೂರುವ ಮೊದಲು ಒಮ್ಮೆ ಕಚೇರಿಗೆ ಬನ್ನಿ. ಪಹಣಿಯಲ್ಲಿ ಸಾಲದ ನಮೂದು ಇರುತ್ತದೆ, ಅದು ತೀರದೆ ನೋಂದಣಿಗೆ ಹೋಗಿ ವಾಪಸು ಬಂದವರಿದ್ದಾರೆ. ಬರುವಾಗ ಪಹಣಿ, ಋಣಭಾರ ಪತ್ರ, ಕರಾರಿನ ಕರಡು ಮೂರನ್ನೂ ತನ್ನಿ. ಕರಡು, ರುಜು ಹಾಕುವ ಮುಂಚಿನದು.