ಗುಡ್ಡ ಹತ್ತದೆ ಗುಡ್ಡ ಅಳೆಯುವುದು

ಕೋಸಗಿ ಸುತ್ತಮುತ್ತ ಎರೆಹೊಲ ಅಂಗೈಯಂತೆ ಸಮವಾಗಿ ಹಬ್ಬಿರುತ್ತದೆ. ಅದರ ಅಂಚಿಗೇ ಹೆಬ್ಬಂಡೆಗಳ ಗುಡ್ಡ ಥಟ್ಟನೆ ಎದ್ದು ನಿಲ್ಲುತ್ತದೆ. ಎತ್ತರ ಅಳೆಯುವುದನ್ನು ಕಲಿಯಲು ಇಂಥ ನೆಲ ಸಿಗುವುದು ಪುಣ್ಯ. ಹತ್ತನೇ ತರಗತಿಯ ಗಣಿತ ಪುಸ್ತಕದಲ್ಲಿ ತ್ರಿಕೋನಮಿತಿ ಇದೆ, ನಿಜ. ಆದರೆ ಕೆಳಗಿನ ಎರಡು ಅಳತೆಗೂ ಟ್ಯಾನ್, ಸೈನ್ ಕೋಷ್ಟಕ ಬೇಡ. ಕೂಡುವ ಲೆಕ್ಕ ಬಂದರೆ ಸಾಕು.

ಹಂತ 1: ಸಾಮಾನು

ಜಾಮಿಟ್ರಿ ಬಾಕ್ಸಿನ ಕೋನಮಾಪಕ, ರೀಫಿಲ್ ತೆಗೆದು ಎರಡೂ ಕಡೆ ತೆರೆದ ಬಾಲ್‌ಪೆನ್ನಿನ ಕೊಳವೆ, ಮೊಳದಷ್ಟು ಹೊಲಿಗೆ ದಾರ, ಸೈಕಲ್ ಅಂಗಡಿಯಲ್ಲಿ ಬಿದ್ದಿರುವ ಒಂದು ನಟ್, ಗಮ್‌ಟೇಪ್. ಕೊಳವೆ ಸಿಗದಿದ್ದರೆ ಪಪ್ಪಾಯಿ ಎಲೆಯ ದಂಟೂ ನಡೆಯುತ್ತದೆ, ಒಳಗೆ ಟೊಳ್ಳಲ್ಲವೇ? ಬಾಡಿ ಬಾಗುವುದರೊಳಗೆ ಕೆಲಸ ಮುಗಿಸಬೇಕು, ಅಷ್ಟೇ.

ಹಂತ 2: ಜೋಡಣೆ

ಕೋನಮಾಪಕದ ನೇರ ಅಂಚಿಗೆ ಕೊಳವೆ ಅಂಟಿಸಿ. ಅದು 0–180 ಗೆರೆಗೆ ಸಮಾನಾಂತರವಾಗಿರಲಿ. ಆ ಗೆರೆಯ ನಡುವಿನ ಚುಕ್ಕೆಯಲ್ಲಿ ತೂತಿಲ್ಲದಿದ್ದರೆ ಕಾಯಿಸಿದ ಸೂಜಿಯಿಂದ ಒಂದು ತೂತು ಮಾಡಿ (ಮಕ್ಕಳಾದರೆ ದೊಡ್ಡವರು ಮಾಡಿಕೊಡಲಿ). ತೂತು ಚುಕ್ಕೆ ಬಿಟ್ಟು ಸರಿದರೆ ಮುಂದಿನ ಅಳತೆಯೆಲ್ಲ ಸರಿಯುತ್ತದೆ. ದಾರ ಪೋಣಿಸಿ, ಗಂಟು ಹಾಕಿ, ತುದಿಗೆ ನಟ್ ಕಟ್ಟಿ. ಗೌಂಡಿಗಳು ಗೋಡೆಗೆ ಇಳಿಬಿಡುವ ತೂಗುಗುಂಡಿನ ಕೆಲಸವನ್ನೇ ಈ ನಟ್ ಮಾಡುವುದು.

ಈಗ ಕೊಳವೆ ಮೇಲೆ, ಕಮಾನು ಕೆಳಗೆ ಬರುವಂತೆ ಹಿಡಿಯಿರಿ. ಗೋಡೆಯ ಮೇಲೆ ನಿಮ್ಮ ಕಣ್ಣಿನ ಎತ್ತರಕ್ಕೇ ಒಂದು ಗುರುತು ಹಾಕಿ, ಕೋಣೆಯ ಆಚೆ ತುದಿಯಿಂದ ಕೊಳವೆಯಲ್ಲಿ ನೋಡಿ. ದಾರ 90ರ ಮೇಲೆ ಬೀಳಬೇಕು. ಬೀಳದಿದ್ದರೆ ಕೊಳವೆ ಬಿಚ್ಚಿ ಮತ್ತೆ ಅಂಟಿಸಿ.

ಹಂತ 3: ಮೊದಲು ಬೇವಿನ ಮರ

ಮರದ ತುದಿ ಕೊಳವೆಯೊಳಗೆ ಕಾಣುವಂತೆ ಕತ್ತೆತ್ತಿದಾಗ ದಾರ 90ರಿಂದ ಎಷ್ಟು ಡಿಗ್ರಿ ಸರಿಯುತ್ತದೋ ಅಷ್ಟೇ ನಿಮ್ಮ ನೋಟದ ಏರುಕೋನ. ಹಿಂದೆ ಮುಂದೆ ನಡೆಯುತ್ತ ದಾರ ಸರಿಯಾಗಿ 45ಕ್ಕೆ ಬರುವ ಜಾಗ ಹುಡುಕಿ (ಕೋನಮಾಪಕ ತಿರುವಿ ಹಿಡಿದಿದ್ದರೆ 135 ಕಾಣುತ್ತದೆ, ಎರಡೂ ಒಂದೇ). ಅಲ್ಲಿಂದ ಮರಕ್ಕಿರುವ ದೂರಕ್ಕೆ ನಿಮ್ಮ ಕಣ್ಣಿನ ಎತ್ತರ ಕೂಡಿಸಿ. ದೂರ 11 ಮೀಟರ್, ಕಣ್ಣು 1.5 ಮೀಟರ್ ಎತ್ತರದಲ್ಲಿದ್ದರೆ ಮರ 12.5 ಮೀಟರ್. ಬೇವು ವಾಲಿದ್ದರೆ ಕಾಂಡದಿಂದ ಅಳೆಯಬೇಡಿ, ತುದಿಯ ನೇರ ಕೆಳಗಿನ ನೆಲದಿಂದ ಅಳೆಯಿರಿ.

ದಾರ ಓದುವುದು ಒಬ್ಬರ ಕೆಲಸವಲ್ಲ. ನೀವು ನೋಡುತ್ತಿರಿ, ಜೊತೆಯವರು ದಾರವನ್ನು ಕೋನಮಾಪಕಕ್ಕೆ ಒತ್ತಿ ಹಿಡಿದು ಓದಲಿ. ಬಯಲಿನ ಗಾಳಿಗೆ ನಟ್ ಕುಣಿಯುತ್ತಿದ್ದರೆ ಅವರೇ ಒಂದು ಲೋಟ ನೀರನ್ನು ಕೆಳಗೆ ಹಿಡಿಯಲಿ. ಲೋಟದ ಬದಿಗೆ, ತಳಕ್ಕೆ ತಾಗದಂತೆ ನಟ್ ನೀರಲ್ಲಿ ಮುಳುಗಿದರೆ ಕುಣಿತ ನಿಲ್ಲುತ್ತದೆ. ಕೊಳವೆಯನ್ನು ಸೂರ್ಯನ ಕಡೆ ಮಾತ್ರ ಎತ್ತಬೇಡಿ.

ಹಂತ 4: ಗುಡ್ಡ

ಗುಡ್ಡದ ತುದಿಯ ನೇರ ಕೆಳಗಿನ ಜಾಗ ಬಂಡೆಗಳ ಹೊಟ್ಟೆಯಲ್ಲಿರುತ್ತದೆ. ಅಲ್ಲಿಗೆ ಹಗ್ಗ ಎಳೆಯಲಾಗದು. ಆದ್ದರಿಂದ ಎರಡು ಕಡೆ ನಿಲ್ಲಬೇಕು. ತುದಿ 45 ಡಿಗ್ರಿಯಲ್ಲಿ ಕಾಣುವಲ್ಲಿ ಒಂದು ಗೂಟ ನೆಡಿ. ಅದೇ ನೇರಕ್ಕೆ ಹಿಂದೆ ನಡೆಯುತ್ತ ಹೋಗಿ, ತುದಿ 26 ಡಿಗ್ರಿಗಿಂತ ಅರ್ಧ ಹೆಚ್ಚು ಕಾಣುವಲ್ಲಿ, ಅಂದರೆ ದಾರ 63.5ಕ್ಕೆ ಬರುವಲ್ಲಿ, ಇನ್ನೊಂದು ಗೂಟ. ಎರಡು ಗೂಟಗಳ ನಡುವಿನ ದೂರವೇ ನಿಮ್ಮ ಕಣ್ಣಿನಿಂದ ಮೇಲಕ್ಕೆ ಗುಡ್ಡದ ಎತ್ತರ! 45ರಲ್ಲಿ ನೀವು ಎತ್ತರದ ಒಂದರಷ್ಟು ದೂರದಲ್ಲಿರುತ್ತೀರಿ, 26.5ರಲ್ಲಿ ಎರಡರಷ್ಟು. ಕಳೆದರೆ ಉಳಿಯುವುದು ಒಂದು. ಗುಡ್ಡ ಇಳಿಜಾರಾಗಿ 45 ಸಿಗುವ ಮೊದಲೇ ಬಂಡೆ ಅಡ್ಡಬಂದರೆ ಬೇರೆ ಮಗ್ಗುಲು ನೋಡಿ.

ಎರಡು ಗೂಟವೂ ಒಂದೇ ಮಟ್ಟದಲ್ಲಿರಬೇಕು. ಎರೆಹೊಲ ಬೇಕು ಅಂದದ್ದು ಅದಕ್ಕೇ. ಹತ್ತಿ ಗಿಡ ನಿಂತಿರುವಾಗ ಹೊಲಕ್ಕೆ ಇಳಿಯಬೇಡಿ. ಬೆಳೆ ಕಿತ್ತು ನೆಲ ಬಿರುಕು ಬಿಟ್ಟ ಬೇಸಿಗೆಯ ಬೆಳಗ್ಗೆ, ಹೊಲದವರನ್ನು ಕೇಳಿ ಹೋಗಿ. ನೈಲಾನ್ ಹಗ್ಗ ಬೇಡ, ಎಳೆದಷ್ಟೂ ಹಿಗ್ಗುತ್ತದೆ. ಗೌಂಡಿಗಳ ಉದ್ದನೆಯ ಟೇಪು ಸಿಕ್ಕರೆ ಒಳ್ಳೆಯದು.

ತಪ್ಪು ಎಷ್ಟಾಗಬಹುದು? ದೂರದ ಗೂಟದಲ್ಲಿ ಒಂದು ಡಿಗ್ರಿ ತಪ್ಪಿದರೆ 100 ಮೀಟರಿನ ಗುಡ್ಡದಲ್ಲಿ 8–9 ಮೀಟರ್ ಹೋಯಿತು. ಹತ್ತಿರದ ಗೂಟದಲ್ಲಿ ಅದೇ ತಪ್ಪಿಗೆ ಮೂರೂವರೆ ಮೀಟರ್. ಹಾಗಾಗಿ ದೂರದ ಗೂಟದಲ್ಲಿ ಮತ್ತೆ ಮತ್ತೆ ಓದಿ, ಸರಾಸರಿ ಹಿಡಿಯಿರಿ.

ಇದನ್ನು ಮಕ್ಕಳಾಟ ಅನ್ನುವವರಿಗೆ ಗುತ್ತಿಯ ಕಥೆ ಹೇಳಬೇಕು. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನಲ್ಲಿ ತೊಡಗಿಸಿದ ಮಹಾ ತ್ರಿಕೋನಮಿತಿ ಸರ್ವೆ ಬೆಂಗಳೂರು ದಾಟಿ, 1811ರಲ್ಲಿ ಗುತ್ತಿಯ ಬಳಿ ಆಧಾರರೇಖೆ ಅಳೆಯಿತು. ಅವನ ಕೋನಮಾಪಕ, ಅಂದರೆ ದೊಡ್ಡ ಥಿಯೋಡಲೈಟ್, ಅರ್ಧ ಟನ್ ಭಾರ. ದೂರಕ್ಕೆ 100 ಅಡಿಯ ಉಕ್ಕಿನ ಸರಪಳಿ. ಬಿಸಿಲಿಗೆ ಸರಪಳಿ ಹಿಗ್ಗುತ್ತದೆಂದು ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಲೆಕ್ಕ ತಿದ್ದುತ್ತಿದ್ದರು. ಒಂದು ದೂರ, ಎರಡು ಕೋನ: ಅವರ ಬಂಡವಾಳವೂ ಅಷ್ಟೇ.

ಹಂತ 5: ಸಮುದ್ರಮಟ್ಟದಿಂದ

ಗುಂತಕಲ್–ರಾಯಚೂರು ಮಾರ್ಗದಲ್ಲಿ ಆದವಾನಿ ದಾಟಿದ ಮೇಲೆ ಕೋಸಗಿ ಸ್ಟೇಷನ್ ಬರುತ್ತದೆ. ರೈಲ್ವೆ ಸ್ಟೇಷನ್ನಿನ ಹಳದಿ ಫಲಕದಲ್ಲಿ ಊರಿನ ಹೆಸರಿನ ಕೆಳಗೆ ಸಮುದ್ರಮಟ್ಟದಿಂದ ಎಷ್ಟು ಮೀಟರ್ ಎಂದು ಬರೆಯುವ ರೂಢಿಯಿದೆ. ನಿಮ್ಮ ಗೂಟಗಳ ನೆಲ ಸ್ಟೇಷನ್ನಿನ ಮಟ್ಟಕ್ಕೇ ಇದ್ದರೆ ಆ ಅಂಕಿಗೆ ಗುಡ್ಡದ ಎತ್ತರವನ್ನೂ ಕಣ್ಣಿನ ಎತ್ತರವನ್ನೂ ಕೂಡಿಸಿ. ಸಮುದ್ರಮಟ್ಟದಿಂದ ಗುಡ್ಡದ ತುದಿ ಎಷ್ಟೆಂದು ಅಂದಾಜು ಸಿಗುತ್ತದೆ. ಫಲಕವನ್ನು ಪ್ಲಾಟ್‌ಫಾರಂ ಮೇಲಿಂದಲೇ ಓದಿಕೊಳ್ಳಿ, ಹಳಿಗೆ ಇಳಿಯಬೇಡಿ.