ವಕೀಲರ ದಿನಚರಿ ಮತ್ತು ಮನಸ್ಸಿನ ನೆಮ್ಮದಿ

ವಕೀಲ ವೃತ್ತಿಯು ಬುದ್ಧಿಶಕ್ತಿಯನ್ನೂ ದೇಹಶಕ್ತಿಯನ್ನೂ ಸಮಾನವಾಗಿ ಬೇಡುವ ವೃತ್ತಿಯಾಗಿದೆ. ಅನ್ಯರ ಜಗಳ, ಅನ್ಯರ ಸಾಲ, ಅನ್ಯರ ದುಃಖಗಳನ್ನು ಕಡತಗಳಲ್ಲಿ ಕಟ್ಟಿಕೊಂಡು ದಿನವೂ ಮನೆಗೂ ನ್ಯಾಯಾಲಯಕ್ಕೂ ಹೊತ್ತು ತಿರುಗುವುದು ಅವರ ಕರ್ತವ್ಯ. ಮುಂಬಯಿಯ ನೆರೆಯ ಥಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿ ಮುಂಬಯಿಗಳಲ್ಲಿ ಈ ಭಾರಕ್ಕೆ ಪ್ರಯಾಣದ ಆಯಾಸವೂ ಸೇರಿಕೊಳ್ಳುತ್ತದೆ.

ಡೊಂಬಿವಲಿಯಲ್ಲಿ ನೆಲೆಸಿರುವ ಒಬ್ಬ ವಕೀಲರ ವಾರವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಸೋಮವಾರ ಕಲ್ಯಾಣದ ನ್ಯಾಯಾಲಯದಲ್ಲಿ ಬಾಡಿಗೆಯ ದಾವೆ. ಮಂಗಳವಾರ ಥಾಣೆಯ ಜಿಲ್ಲಾ ಮತ್ತು ಸತ್ರ ನ್ಯಾಯಾಲಯದಲ್ಲಿ ಜಾಮೀನಿನ ಅರ್ಜಿ. ಬುಧವಾರ ಥಾಣೆಯಲ್ಲಿ ರೈಲು ಬದಲಾಯಿಸಿ ಬೇಲಾಪುರಕ್ಕೆ ಹೋಗಿ ಚೆಕ್ಕಿನ ಮೊಕದ್ದಮೆ. ಗುರುವಾರ ಮುಂಬಯಿಯ ಉಚ್ಚ ನ್ಯಾಯಾಲಯ. ಪ್ರತಿ ಸಂಜೆ ಮನೆಯ ಬಾಗಿಲಲ್ಲಿ ಕಕ್ಷಿದಾರರು ಕಾದಿರುತ್ತಾರೆ. ರಾತ್ರಿ ಮರುದಿನದ ಪಾಟೀಸವಾಲಿಗೆ ಸಿದ್ಧತೆ ನಡೆಯಬೇಕು. ಇಂತಹ ದಿನಚರಿಯ ನಡುವೆಯೂ ಸಂತೋಷವನ್ನು ಉಳಿಸಿಕೊಳ್ಳಲು ನೆರವಾಗುವ ಕೆಲವು ಸರಳ ಅಭ್ಯಾಸಗಳನ್ನು ಇಲ್ಲಿ ವಿವರಿಸಲಾಗಿದೆ.

ಒತ್ತಡದ ಮೂಲ

ವಕೀಲರ ದಿನದಲ್ಲಿ ಎರಡು ಭಾಗಗಳಿವೆ. ಪ್ರಕರಣ ಯಾವಾಗ ಕೂಗಲ್ಪಡುತ್ತದೆ, ವಾಯಿದೆ ಎಂದಿಗೆ ಬೀಳುತ್ತದೆ, ಸಾಕ್ಷಿಯು ಏನು ನುಡಿಯುತ್ತಾನೆ, ತೀರ್ಪು ಏನಾಗುತ್ತದೆ ಎಂಬಿವು ವಕೀಲರ ಕೈಯಲ್ಲಿಲ್ಲ. ಏಳುವ ಹೊತ್ತು, ಉಣ್ಣುವ ಹೊತ್ತು, ಕಡತವನ್ನು ಮುಚ್ಚುವ ಹೊತ್ತು, ಮಲಗುವ ಹೊತ್ತು ಬಹುಮಟ್ಟಿಗೆ ಅವರ ಕೈಯಲ್ಲಿಯೇ ಇವೆ. ಸಂತೋಷವನ್ನೆಲ್ಲ ತೀರ್ಪಿಗೆ ಒತ್ತೆಯಿಟ್ಟವರು ವರ್ಷಗಟ್ಟಲೆ ಕಾಯಬೇಕಾಗುತ್ತದೆ. ಕೈಯಲ್ಲಿರುವ ಹೊತ್ತನ್ನು ಕಾಪಾಡಿಕೊಂಡವರಿಗೆ ಅದು ಪ್ರತಿದಿನವೂ ಸ್ವಲ್ಪಸ್ವಲ್ಪವಾಗಿ ದೊರೆಯುತ್ತದೆ.

ಈ ವಿಷಯವನ್ನು ಹಗುರವಾಗಿ ಕಾಣುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯವು ಸುಮಾರು 35 ಪ್ರತಿಶತ ಅಧಿಕ. ಹೃದಯದ ರಕ್ತನಾಳಗಳ ಕಾಯಿಲೆಯಿಂದ ಸಾಯುವ ಅಪಾಯವು ಸುಮಾರು 17 ಪ್ರತಿಶತ ಅಧಿಕ. ಅಮೆರಿಕದಲ್ಲಿ ಸುಮಾರು 13,000 ವಕೀಲರನ್ನು ಕುರಿತು ನಡೆದು 2016ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನವು, ಅವರಲ್ಲಿ 28 ಪ್ರತಿಶತ ಮಂದಿಯಲ್ಲಿ ಖಿನ್ನತೆಯ ಲಕ್ಷಣಗಳನ್ನು ಗುರುತಿಸಿತು. ಐವರಲ್ಲಿ ಒಬ್ಬರ ಮದ್ಯಪಾನವು ಹಾನಿಕರ ಮಟ್ಟವನ್ನು ತಲುಪಿತ್ತು. ದಣಿದ ವಕೀಲರ ಒಂದು ಮರೆವಿನಿಂದ ಕಕ್ಷಿದಾರನ ಮನೆಯೋ ಜಮೀನೋ ಕೈತಪ್ಪಬಹುದು. ಆದುದರಿಂದ ವಕೀಲರ ನೆಮ್ಮದಿಯು ಅವರನ್ನು ನಂಬಿದವರ ಹಿತಕ್ಕೂ ಅಗತ್ಯವಾದುದು.

ಪ್ರಯಾಣ ಮತ್ತು ನಡಿಗೆ

ಭಾರತದ ಮೊದಲ ಪ್ರಯಾಣಿಕ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಥಾಣೆಗೆ, ಸುಮಾರು 34 ಕಿಲೋಮೀಟರು ಓಡಿತು. ಇಂದು ಅದೇ ಮಾರ್ಗದಲ್ಲಿ ಬೆಳಗಿನ ಹೊತ್ತು ಕಾಲಿಡಲು ಸ್ಥಳ ದೊರೆಯುವುದು ಕಷ್ಟ. 2025ರ ಜೂನ್ 9ರಂದು ಮುಂಬ್ರಾದ ಬಳಿ ಬಾಗಿಲ ಮೆಟ್ಟಿಲಲ್ಲಿ ನೇತಾಡುತ್ತಿದ್ದ ಪ್ರಯಾಣಿಕರು ಚಲಿಸುವ ರೈಲಿನಿಂದ ಬಿದ್ದು, ಕೆಲವರು ಪ್ರಾಣ ಕಳೆದುಕೊಂಡರು. ಹತ್ತು ನಿಮಿಷ ಮೊದಲೇ ಮನೆ ಬಿಟ್ಟು, ತುಂಬಿದ ಒಂದು ರೈಲನ್ನು ಬಿಟ್ಟು ಮುಂದಿನದಕ್ಕೆ ಕಾಯುವುದು ಮೊದಲನೆಯ ಉತ್ತಮ ಅಭ್ಯಾಸ. ಓಡಿ ಹತ್ತಿದವರ ಎದೆಬಡಿತವು ನ್ಯಾಯಾಲಯದ ಮೆಟ್ಟಿಲಿನವರೆಗೂ ಜೊತೆಯಲ್ಲಿಯೇ ಬರುತ್ತದೆ.

ಕುಳಿತುಕೊಳ್ಳಲು ಸ್ಥಳ ದೊರೆತಾಗಲೂ ಕಡತವನ್ನು ಬಿಚ್ಚಲೇಬೇಕೆಂಬ ನಿಯಮವಿಲ್ಲ. ಹೋಗುವಾಗ ಕೆಲಸದ ಓದು, ಬರುವಾಗ ಕಥೆ, ಸಂಗೀತ ಅಥವಾ ಸುಮ್ಮನೆ ಕಿಟಕಿಯಾಚೆಗಿನ ನೋಟ ಎಂದು ವಿಭಾಗಿಸಿಕೊಂಡರೆ ಮನೆ ತಲುಪುವ ಮೊದಲೇ ಮನಸ್ಸು ನ್ಯಾಯಾಲಯದಿಂದ ಹೊರಬರುತ್ತದೆ.

ನಡಿಗೆಯ ಲಾಭಕ್ಕೆ ಈ ವೃತ್ತಿಯಲ್ಲಿಯೇ ಹಿರಿಯ ನಿದರ್ಶನವೊಂದಿದೆ. ಮೋಹನದಾಸ ಕರಮಚಂದ ಗಾಂಧಿಯವರು 1891ರಲ್ಲಿ ಬ್ಯಾರಿಸ್ಟರಾಗಿ ಮರಳಿ ಬಂದು ಮುಂಬಯಿಯಲ್ಲಿ ಕೆಲವು ತಿಂಗಳು ವಕಾಲತ್ತು ನಡೆಸಲು ಯತ್ನಿಸಿದರು. ಕಿರುವ್ಯವಹಾರಗಳ ನ್ಯಾಯಾಲಯದಲ್ಲಿ ತಮಗೆ ದೊರೆತ ಮೊದಲ ಮೊಕದ್ದಮೆಯಲ್ಲಿ ಪಾಟೀಸವಾಲಿಗೆ ಎದ್ದು ನಿಂತಾಗ ಅವರಿಗೆ ತಲೆ ಸುತ್ತಿತು, ಒಂದು ಪ್ರಶ್ನೆಯೂ ಹೊಳೆಯಲಿಲ್ಲ. ಅವರು ಕುಳಿತುಬಿಟ್ಟರು, ಮೊಕದ್ದಮೆಯನ್ನು ಬೇರೊಬ್ಬರಿಗೆ ಒಪ್ಪಿಸಬೇಕಾಯಿತು. ಅದೇ ದಿನಗಳಲ್ಲಿ ಅವರು ಗಿರ್ಗಾಂವ್‌ನ ಮನೆಯಿಂದ ಉಚ್ಚ ನ್ಯಾಯಾಲಯಕ್ಕೆ ಮುಕ್ಕಾಲು ಗಂಟೆ ನಡೆದು ಹೋಗಿ, ನಡೆದೇ ಹಿಂದಿರುಗುತ್ತಿದ್ದರು. ಇದರಿಂದ ಹಣ ಉಳಿಯಿತೆಂದೂ ಗೆಳೆಯರು ಕಾಯಿಲೆ ಬಿದ್ದಾಗ ತಾವು ಆರೋಗ್ಯದಿಂದಿದ್ದೆವೆಂದೂ ಅವರು ಆತ್ಮಕಥೆಯಲ್ಲಿ ಸ್ಮರಿಸಿದ್ದಾರೆ. ಎದ್ದು ನಿಂತಾಗ ಮಾತು ತಪ್ಪುವ ಕಿರಿಯ ವಕೀಲರು ಈ ಎರಡು ಸಂಗತಿಗಳನ್ನೂ ಜೊತೆಯಾಗಿ ನೆನಪಿಡಬಹುದು.

ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ ನಡೆಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ವಾರದಲ್ಲಿ ಐದು ದಿನ ಅರ್ಧ ಗಂಟೆಯ ಚುರುಕು ನಡಿಗೆಯಿಂದ ಇದು ಪೂರೈಸುತ್ತದೆ. ಥಾಣೆಯವರಿಗೆ ಮಾಸುಂದಾ ಕೆರೆ ಮತ್ತು ಉಪವನ ಕೆರೆಯ ದಂಡೆಗಳಿವೆ. ಬೇಲಾಪುರದವರಿಗೆ ಪಾರ್ಸಿಕ್ ಬೆಟ್ಟ ಸಮೀಪದಲ್ಲಿದೆ. ನವಿ ಮುಂಬಯಿಯ ಖಾರಿಯ ಅಂಚಿನಲ್ಲಿ ಚಳಿಗಾಲದಿಂದ ಬೇಸಗೆಯವರೆಗೆ ರಾಜಹಂಸಗಳ ಹಿಂಡು ಕಾಣಸಿಗುತ್ತದೆ. ಬಿಡುವೇ ಇಲ್ಲದವರು ನಿಲ್ದಾಣದಿಂದ ಮನೆಯವರೆಗಿನ ರಿಕ್ಷಾವನ್ನು ಬಿಟ್ಟರೂ ಸಾಕಾಗಬಹುದು.

ತಲೆಯಿಂದ ಡೈರಿಗೆ

ವಕೀಲರನ್ನು ನಡುರಾತ್ರಿಯಲ್ಲಿ ಎಬ್ಬಿಸುವುದು ಹೆಚ್ಚಾಗಿ ದಿನಾಂಕದ ಭಯ. ಸಿವಿಲ್ ನ್ಯಾಯಾಲಯದ ಡಿಕ್ರಿಯ ವಿರುದ್ಧ ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಲು 90 ದಿನ, ಜಿಲ್ಲಾ ನ್ಯಾಯಾಲಯಕ್ಕಾದರೆ 30 ದಿನ. ಚೆಕ್ಕು ಅಮಾನ್ಯವಾದ ಮಾಹಿತಿ ಬ್ಯಾಂಕಿನಿಂದ ಬಂದ 30 ದಿನಗಳೊಳಗೆ ನೋಟೀಸು ಕಳುಹಿಸಬೇಕು. ನೋಟೀಸು ತಲುಪಿ 15 ದಿನಗಳೊಳಗೆ ಹಣ ಬಾರದಿದ್ದಲ್ಲಿ, ಅನಂತರದ ಒಂದು ತಿಂಗಳೊಳಗೆ ದೂರು ದಾಖಲಾಗಬೇಕು. ಇಂತಹ ಹತ್ತಾರು ಅವಧಿಗಳನ್ನು ನೆನಪಿನಲ್ಲಿಯೇ ಇರಿಸಿಕೊಂಡರೆ ನಿದ್ರೆ ಹೇಗೆ ಬಂದೀತು?

ಕಡತ ಕೈಗೆ ಬಂದ ದಿನವೇ ಕೊನೆಯ ದಿನಾಂಕವನ್ನೂ, ಅದಕ್ಕೆ ಒಂದು ವಾರ ಮುಂಚಿನ ಎಚ್ಚರಿಕೆಯ ದಿನಾಂಕವನ್ನೂ ಡೈರಿಯಲ್ಲಿ ಬರೆಯುವುದು ಉತ್ತಮ ಪದ್ಧತಿ. ಪ್ರತಿ ಸಂಜೆ ಕೊನೆಯ ಹತ್ತು ನಿಮಿಷಗಳಲ್ಲಿ ಮರುದಿನದ ಪ್ರಕರಣಗಳನ್ನು ಇ-ಕೋರ್ಟ್ಸ್ ಸೇವೆಯ ಪಟ್ಟಿಯೊಂದಿಗೆ ಹೋಲಿಸಿ, ಬೇಕಾದ ಕಡತಗಳನ್ನು ಚೀಲಕ್ಕೆ ತುಂಬಿ, ಡೈರಿಯನ್ನು ಮುಚ್ಚಬೇಕು. ಬರೆದಿಟ್ಟುದನ್ನು ಮನಸ್ಸು ಪುನಃ ಪುನಃ ಕಾಯಬೇಕಾಗಿಲ್ಲ.

ಊಟ, ನೀರು, ನಿದ್ರೆ

ಬೆಳಿಗ್ಗೆ ಚಹಾ, ಮಧ್ಯಾಹ್ನ ವಡಾಪಾವ್, ಮತ್ತೆ ಮೂರು ಬಾರಿ ಚಹಾ, ರಾತ್ರಿ ಹತ್ತರ ಅನಂತರ ಹೊಟ್ಟೆ ಬಿರಿಯುವಂತೆ ಊಟ ಎಂಬ ಕ್ರಮ ಅನೇಕ ವಕೀಲರದು. ಪ್ರಕರಣದ ಕೂಗಿಗೆ ಕಾಯುತ್ತ ಮಧ್ಯಾಹ್ನದ ವಿರಾಮವು ಕಳೆದುಹೋಗುತ್ತದೆ. ಮನೆಯ ಬುತ್ತಿಯನ್ನು ಬಾರ್ ರೂಮಿನಲ್ಲಿ ನಾಲ್ವರು ಜೊತೆಗೂಡಿ ಉಣ್ಣುವ ಅಭ್ಯಾಸವು ಎರಡು ಹಸಿವುಗಳನ್ನು ತಣಿಸುತ್ತದೆ. ಹೊಟ್ಟೆ ತುಂಬುತ್ತದೆ, ಮಾತಿಗೂ ಜನ ಸಿಗುತ್ತಾರೆ. ಕಪ್ಪು ಕೋಟು ಧರಿಸಿ ಸೆಖೆಯಲ್ಲಿ ನಿಲ್ಲುವವರಿಗೆ ನೀರಿನ ಬಾಟಲಿಯೂ ಕಡತದಷ್ಟೇ ಅವಶ್ಯಕ. ಶೌಚಾಲಯದ ತೊಂದರೆಗೆ ಅಂಜಿ ದಿನವಿಡೀ ನೀರು ಕುಡಿಯದಿರುವ ವಕೀಲೆಯರಲ್ಲಿ ಮೂತ್ರನಾಳದ ಸೋಂಕು ತಲೆದೋರುವ ಸಂಭವವಿದೆ. ಅಂತಹ ಕಡೆ ಸ್ವಚ್ಛ ಶೌಚಾಲಯಕ್ಕಾಗಿ ವಕೀಲರ ಸಂಘದ ಮೂಲಕ ಒತ್ತಾಯಿಸುವುದು ಪುರುಷ ಸದಸ್ಯರ ಕರ್ತವ್ಯವೂ ಹೌದು.

ವಯಸ್ಕರಿಗೆ ಕನಿಷ್ಠ ಏಳು ಗಂಟೆಗಳ ನಿದ್ರೆ ಬೇಕು. ರಾತ್ರಿ ಒಂದರವರೆಗೆ ಓದಿ ಸಿದ್ಧಪಡಿಸಿದ ಪಾಟೀಸವಾಲಿಗಿಂತ, ಬೇಗ ಮಲಗಿ ಬೆಳಿಗ್ಗೆ ಐದಕ್ಕೆ ಎದ್ದು ತಿಳಿಯಾದ ಮನಸ್ಸಿನಿಂದ ಸಿದ್ಧಪಡಿಸಿದ್ದು ಹೆಚ್ಚು ಹರಿತವಾಗಿರುತ್ತದೆ.

ಕಕ್ಷಿದಾರ ಮತ್ತು ದೂರವಾಣಿ

ಮೊಬೈಲ್ ದೂರವಾಣಿಯು ಕಕ್ಷಿದಾರನ ಕಳವಳವನ್ನು ವಕೀಲರ ದಿಂಬಿನ ಬಳಿಗೇ ತಂದಿದೆ. ಮೊದಲ ಭೇಟಿಯಲ್ಲಿಯೇ ಮಾತನಾಡುವ ಸಮಯವನ್ನು ತಿಳಿಸಿ, ರಾತ್ರಿಯ ಒಂದು ಹೊತ್ತಿನ ಅನಂತರ ಬಂಧನದಂತಹ ತುರ್ತಿಗೆ ಮಾತ್ರ ಕರೆಯಬೇಕೆಂದು ವಿನಯದಿಂದ ಸೂಚಿಸಬಹುದು. ಪ್ರತಿ ವಾಯಿದೆಯ ಸಂಜೆ ಅಂದು ನಡೆದುದನ್ನೂ ಮುಂದಿನ ದಿನಾಂಕವನ್ನೂ ಎರಡು ಸಾಲಿನಲ್ಲಿ ತಿಳಿಸಿದರೆ ಕಕ್ಷಿದಾರನ ಅರ್ಧಕ್ಕರ್ಧ ಕರೆಗಳು ತಾವಾಗಿಯೇ ಕಡಿಮೆಯಾಗುತ್ತವೆ.

ಜೊತೆಗೂಡಿ ಕಲಿಯುವುದು

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಮತ್ತು ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದವು. ಮೂವತ್ತು ವರ್ಷಗಳಿಂದ ಕಂಠಸ್ಥವಾಗಿದ್ದ ಕಲಮುಗಳ ಸಂಖ್ಯೆ ಬದಲಾದುದರಿಂದ ಹಿರಿಯ ವಕೀಲರೂ ವಿದ್ಯಾರ್ಥಿಗಳಾದರು. ವಂಚನೆಗೆ 420 ಎಂದು ಬಾಯಿಗೆ ಬರುತ್ತಿದ್ದವರು ಈಗ 318 ಎನ್ನಬೇಕಾಗಿದೆ. ಈ ಅಳುಕನ್ನು ಒಬ್ಬರೇ ನುಂಗಿಕೊಳ್ಳುವ ಬದಲು, ವಾರಕ್ಕೊಮ್ಮೆ ಹಿರಿಯರೂ ಕಿರಿಯರೂ ಒಂದು ಮೇಜಿನ ಸುತ್ತ ಕುಳಿತು ಒಂದು ಅಧ್ಯಾಯವನ್ನು ಓದುವುದು ಹಿತಕರ. ಹಿರಿಯರು ಅನುಭವವನ್ನು ಕೊಡುತ್ತಾರೆ. ಕಿರಿಯರು ಹೊಸ ಸಂಖ್ಯೆಗಳನ್ನೂ ವಿದ್ಯುನ್ಮಾನ ದಾಖಲಾತಿಯ ವಿಧಾನವನ್ನೂ ತೋರಿಸುತ್ತಾರೆ.

ರಾಜಿಯ ತೃಪ್ತಿ

ಗಾಂಧಿಯವರ ವಕೀಲ ಜೀವನದ ಇನ್ನೊಂದು ಘಟ್ಟವು ದಕ್ಷಿಣ ಆಫ್ರಿಕಾದ್ದು. 1893ರಲ್ಲಿ ಅವರು ಅಲ್ಲಿಗೆ ಹೋದುದು ದಾದಾ ಅಬ್ದುಲ್ಲಾರ ವ್ಯಾಜ್ಯಕ್ಕಾಗಿ. ಎದುರು ಕಕ್ಷಿದಾರ ಅವರ ಬಂಧುವೇ ಆಗಿದ್ದರು. ಗಾಂಧಿಯವರು ಇಬ್ಬರನ್ನೂ ಒಪ್ಪಿಸಿ ವ್ಯಾಜ್ಯವನ್ನು ಮಧ್ಯಸ್ಥರ ಮುಂದಿರಿಸಿದರು. ತಮ್ಮ ಕಕ್ಷಿದಾರ ಗೆದ್ದ ಮೇಲೆ, ಸೋತವರು ದಿವಾಳಿಯಾಗದಂತೆ ಹಣವನ್ನು ಕಂತುಗಳಲ್ಲಿ ಪಡೆಯಲು ಅವರ ಮನವೊಲಿಸಿದರು. ಆಗ ತಮಗಾದ ಆನಂದಕ್ಕೆ ಮಿತಿಯಿರಲಿಲ್ಲವೆಂದು ಅವರು ಬರೆದಿದ್ದಾರೆ.

ಇಂದು ಇಂತಹ ತೃಪ್ತಿಗೆ ಕಾನೂನೇ ದಾರಿ ಮಾಡಿಕೊಟ್ಟಿದೆ. ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರ ಅನ್ವಯ ಲೋಕ ಅದಾಲತ್ತಿನ ತೀರ್ಮಾನವು ಸಿವಿಲ್ ಡಿಕ್ರಿಗೆ ಸಮಾನ. ಅದರ ಮೇಲೆ ಮೇಲ್ಮನವಿ ಇಲ್ಲ. ಸಲ್ಲಿಸಿದ ನ್ಯಾಯಾಲಯ ಶುಲ್ಕವೂ ಹಿಂದಿರುಗುತ್ತದೆ. ವರ್ಷದಲ್ಲಿ ಕೆಲವು ಪ್ರಕರಣಗಳನ್ನಾದರೂ ರಾಜಿಯತ್ತ ಒಯ್ಯುವುದು, ಬಡವರೊಬ್ಬರ ಪರವಾಗಿ ಶುಲ್ಕವಿಲ್ಲದೆ ನಿಲ್ಲುವುದು ವಕೀಲರಿಗೆ ತಾವು ಈ ವೃತ್ತಿಗೆ ಏಕೆ ಬಂದೆವೆಂಬುದನ್ನು ನೆನಪಿಸುತ್ತದೆ.

ಮನೆ, ಭಾಷೆ, ರಜೆ

ಕರಾವಳಿ ಕರ್ನಾಟಕದಿಂದ ಬಂದು, ಹಗಲು ದುಡಿದು ರಾತ್ರಿಶಾಲೆಗಳಲ್ಲಿ ಓದಿದವರ ಪರಂಪರೆ ಮುಂಬಯಿಯ ಕನ್ನಡಿಗರದು. ದಿನವೆಲ್ಲ ಮರಾಠಿ, ಇಂಗ್ಲಿಷುಗಳಲ್ಲಿ ವಾದಿಸಿ ಬಂದ ಕನ್ನಡಿಗ ವಕೀಲರಿಗೆ ಮನೆಯವರೊಡನೆ ತಾಯ್ನುಡಿಯಲ್ಲಿ ಆಡುವ ನಾಲ್ಕು ಮಾತೇ ವಿಶ್ರಾಂತಿ. ಭಾನುವಾರದ ಯಕ್ಷಗಾನ, ಭಜನೆ, ಕನ್ನಡ ಸಂಘದ ಕಾರ್ಯಕ್ರಮ ಅಥವಾ ಥಾಣೆಯ ಗಡ್ಕರಿ ರಂಗಾಯತನದ ಮರಾಠಿ ನಾಟಕ, ಯಾವುದಾದರೂ ಸರಿಯೇ. ವಾರದಲ್ಲಿ ಒಂದು ಹೊತ್ತು ಅವರನ್ನು ಯಾರೂ ವಕೀಲರೆಂದು ಕರೆಯಬಾರದು. ನ್ಯಾಯಾಲಯದಿಂದ ಬಂದೊಡನೆ ಅಡಿಗೆಮನೆಗೆ ಹೋಗಬೇಕಾದ ವಕೀಲೆಗೆ ಈ ಹೊತ್ತು ದೊರೆಯಬೇಕಾದರೆ ಮನೆಗೆಲಸವನ್ನು ಎಲ್ಲರೂ ಹಂಚಿಕೊಳ್ಳಬೇಕು. ಬೇಸಗೆಯ ರಜೆಯಲ್ಲಿ ಒಂದು ವಾರವನ್ನಾದರೂ ಕಡತಗಳಿಲ್ಲದೆ ಊರಿನಲ್ಲಿ ಕಳೆಯುವುದು ಉಚಿತ.

ಅಭ್ಯಾಸಗಳು ಸಾಲದಾದಾಗ

ಎಲ್ಲ ಕಷ್ಟಗಳೂ ನಡಿಗೆಯಿಂದಲೋ ನಿದ್ರೆಯಿಂದಲೋ ತೀರುವುದಿಲ್ಲ. ಮೂರು ವರ್ಷ ದುಡಿದರೂ ರೈಲು ಪಾಸಿಗೆ ತಂದೆಯನ್ನು ಕೇಳಬೇಕಾದ ಕಿರಿಯ ವಕೀಲರಿಗೆ ಮೊದಲು ಬೇಕಾದುದು ನ್ಯಾಯವಾದ ಸಂಭಾವನೆ. ನಗರಗಳಲ್ಲಿ ಕಿರಿಯರಿಗೆ ತಿಂಗಳಿಗೆ ಕನಿಷ್ಠ 20,000 ರೂಪಾಯಿ, ಗ್ರಾಮಾಂತರದಲ್ಲಿ 15,000 ರೂಪಾಯಿ ನೀಡುವಂತೆ ಭಾರತೀಯ ವಕೀಲರ ಪರಿಷತ್ತು 2024ರಲ್ಲಿ ಸಲಹೆ ಮಾಡಿತು. ಅದು ಸಲಹೆ ಮಾತ್ರ. ಪಾಲಿಸುವ ಹೊಣೆ ಹಿರಿಯ ವಕೀಲರದು.

ಎರಡು ವಾರಗಳಿಗೂ ಮೀರಿ ನಿದ್ರೆ ಬಾರದಿರುವುದು, ಯಾವುದರಲ್ಲಿಯೂ ಆಸಕ್ತಿ ಇಲ್ಲದಿರುವುದು, ದಿನವೂ ಮದ್ಯದ ಆಸರೆ ಬೇಕೆನಿಸುವುದು, ಬದುಕೇ ಬೇಡವೆನಿಸುವುದು ಕಾಯಿಲೆಯ ಲಕ್ಷಣಗಳಾಗಿರಬಹುದು. ಇವುಗಳನ್ನು ದೌರ್ಬಲ್ಯವೆಂದು ಭಾವಿಸದೆ ವೈದ್ಯರನ್ನು ಕಾಣಬೇಕು. ಬದುಕು ಬೇಡವೆನಿಸಿದಾಗ ಎರಡು ವಾರ ಕಾಯದೆ ಅಂದೇ ಸಹಾಯ ಕೇಳಬೇಕು. ಭಾರತ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು. ಕನ್ನಡ, ಮರಾಠಿ ಮೊದಲಾದ ಭಾಷೆಗಳಲ್ಲಿ ಸಲಹೆ ದೊರೆಯುತ್ತದೆ. ಬಾರ್ ರೂಮಿನಲ್ಲಿ ಸದಾ ನಗುತ್ತಿದ್ದ ಸಹೋದ್ಯೋಗಿ ಇದ್ದಕ್ಕಿದ್ದಂತೆ ಮೌನವಾದರೆ, ಪಕ್ಕದಲ್ಲಿ ಕುಳಿತು ವಿಚಾರಿಸುವುದೂ ಒಂದು ಸೇವೆಯೇ.

ಈ ಅಭ್ಯಾಸಗಳನ್ನೆಲ್ಲ ಒಂದೇ ದಿನದಲ್ಲಿ ಅಳವಡಿಸಿಕೊಳ್ಳಬೇಕಾಗಿಲ್ಲ. ಈ ವಾರ ಒಂದು ರೈಲನ್ನು ಬಿಟ್ಟು ಮುಂದಿನದರಲ್ಲಿ ಹೋಗುವುದು, ಮುಂದಿನ ವಾರ ಬುತ್ತಿಯನ್ನು ಹೊತ್ತಿಗೆ ಸರಿಯಾಗಿ ಬಿಚ್ಚುವುದು, ಅದರ ಮುಂದಿನ ವಾರ ರಾತ್ರಿ ಡೈರಿಯನ್ನು ಮುಚ್ಚಿ ಮಲಗುವುದು ಎಂಬಂತೆ ಒಂದೊಂದಾಗಿ ರೂಢಿಸಿಕೊಳ್ಳಬಹುದು. ವಾಯಿದೆಯ ದಿನಾಂಕವನ್ನು ನ್ಯಾಯಾಲಯವು ಗೊತ್ತುಪಡಿಸುತ್ತದೆ. ಎರಡು ವಾಯಿದೆಗಳ ನಡುವಿನ ದಿನಗಳನ್ನು ಹೇಗೆ ಕಳೆಯಬೇಕೆಂಬುದನ್ನು ವಕೀಲರು ತಾವೇ ಗೊತ್ತುಪಡಿಸಿಕೊಳ್ಳಬೇಕು.